ಬದಲಾವಣೆಯ ಕಾರಣ: ವಿದ್ಯಾರ್ಥಿಯ ಇಚ್ಛೆ

ಕಾರು ಕಲಿಸುವವರಿಗೆ ಕೋಪ ಇರಬಾರದು ಎನ್ನುತ್ತಾರೆ. ಹಾಗೆನ್ನುವವರಲ್ಲಿ ಒಬ್ಬರೂ ಕಾರು ಕಲಿಸಿದವರಲ್ಲ. ಎದುರಿಗೆ ಲಾರಿ ಬರುತ್ತಿರುವಾಗ ಪಕ್ಕದಲ್ಲಿ ಕೂತವರು ಬ್ರೇಕೆಂದುಕೊಂಡು ಕ್ಲಚ್ಚನ್ನು ತುಳಿಯುತ್ತಿದ್ದರೆ, ಅವರಿಗೆ ಮೆತ್ತಗೆ ತಿಳಿಹೇಳುವಷ್ಟು ಪುರುಸೊತ್ತು ಲಾರಿಗೂ ಇರುವುದಿಲ್ಲ, ನನಗೂ ಇರುವುದಿಲ್ಲ. ನಾನು ಕೂಗುತ್ತೇನೆ. ಅದಕ್ಕೇ ನನಗೆ 'ಹಾರ್ನ್ ಮೇಡಂ' ಎಂದು ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ಬೆನ್ನ ಹಿಂದೆ ಕರೆಯುವವರು ಮಾತ್ರ ಎಲ್ಲರೂ. ನನ್ನ ಹತ್ತಿರ ಕಲಿತವರು ಕಂಬಕ್ಕೆ ಗುದ್ದುವುದಿಲ್ಲ ಎಂಬ ಹೆಸರೂ ಅದರ ಜೊತೆಗೇ ಇದ್ದುದರಿಂದ ನಾನು ತಲೆ ಕೆಡಿಸಿಕೊಂಡವಳಲ್ಲ.

ಡ್ರೈವಿಂಗ್ ಶಾಲೆ ಅಪ್ಪ ಶುರು ಮಾಡಿದ್ದು. ಅಪ್ಪ ಹೋದ ಮೇಲೆ ನಾನು ರಸ್ತೆ ನೋಡಿಕೊಂಡೆ, ತಂಗಿ ಆಫೀಸು ನೋಡಿಕೊಂಡಳು. ಆಫೀಸೆಂದರೆ ಗಾಜಿನ ಬಾಗಿಲಿನ ಒಂದೇ ಕೋಣೆ. ಒಂದು ಮೇಜು, ಕೀಗಳನ್ನು ನೇತುಹಾಕುವ ಹಲಗೆ, ಕೂತರೆ ಕಿರುಗುಟ್ಟುವ ಸೋಫಾ, ಮತ್ತೆ ಫೋಟೋ ಗೋಡೆ. ಪರೀಕ್ಷೆ ಪಾಸಾದವರು ತಮ್ಮ ಟೀಚರ್ ಜೊತೆ ಕಾರಿನ ಮುಂದೆ ನಿಲ್ಲುತ್ತಾರೆ, ತಂಗಿ ಫೋನಿನಲ್ಲಿ ಫೋಟೋ ತೆಗೆಯುತ್ತಾಳೆ, ಪ್ರಿಂಟ್ ಹಾಕಿ ಗೋಡೆಗೆ ಅಂಟಿಸುತ್ತಾಳೆ. ಇದೂ ಅಪ್ಪನೇ ಹಾಕಿಕೊಟ್ಟ ಪದ್ಧತಿ. ಹೊಸದಾಗಿ ಸೇರಲು ಬಂದವರು ಆ ಗೋಡೆಯನ್ನೇ ನೋಡುತ್ತಾರೆ, ಯಾರ ಮುಖ ಹೆಚ್ಚು ಕಾಣುತ್ತದೋ ಅವರ ಕಡೆ ಬೆರಳು ತೋರಿಸಿ "ನನಗೆ ಇವರೇ ಇರಲಿ" ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಹೆಸರು ಅಂದರೆ ಅಷ್ಟೇ, ಆ ಗೋಡೆ.

ತಂಗಿಯ ಗಂಡ ಆಮೇಲೆ ಸೇರಿಕೊಂಡವನು. ಒಳ್ಳೆಯ ಮನುಷ್ಯ, ಜೋರಾಗಿ ಮಾತಾಡಿದವನಲ್ಲ. ಆದರೆ ಹಿಡಿದ ಕೆಲಸ ಯಾವುದೂ ಅವನ ಕೈಹಿಡಿದಿರಲಿಲ್ಲ. ಒಂದಾದ ಮೇಲೊಂದು ಅಂಗಡಿ ತೆಗೆದು, ಒಂದಾದ ಮೇಲೊಂದು ಮುಚ್ಚಿ, ಕೊನೆಗೆ ತಲೆ ತಗ್ಗಿಸಿಕೊಂಡೇ ನಮ್ಮ ಶಾಲೆಗೆ ಬಂದ. ಕಲಿಸುವ ಲೈಸೆನ್ಸಿಗೆ ಅವನನ್ನು ತಯಾರು ಮಾಡಿದವಳು ನಾನೇ.

ಅದೇ ಹೊತ್ತಿಗೆ ತಂಗಿ ಕಂಪ್ಯೂಟರಿಗೆ ಹೊಸ ಕ್ಯಾಲೆಂಡರ್ ಹಾಕಿಸಿದಳು. ಅಲ್ಲಿಯತನಕ ಬಿಳಿ ಹಲಗೆಯ ಮೇಲೆ ಬರೆದು ಒರೆಸಿ ನಡೆಯುತ್ತಿತ್ತು. ಇನ್ನು ಮೇಲೆ ಪಾಠದ ಸಮಯ, ಕಾರು, ಟೀಚರ್ ಎಲ್ಲವನ್ನೂ ಅದೇ ಜೋಡಿಸುತ್ತದೆ, ಸಂದೇಶವನ್ನೂ ಅದೇ ಕಳಿಸುತ್ತದೆ, ಆದರೆ ಮೊದಲು ಪ್ರತಿಯೊಬ್ಬರೂ ತಮಗೇನು ಬೇಕು, ಏನು ಬೇಡ ಎಂದು ಅದರಲ್ಲಿ ತುಂಬಿಸಬೇಕು ಎಂದಳು. ನಾನು ನನ್ನ ಪಾಸ್‌ವರ್ಡನ್ನು ಅವಳ ಕೈಗೇ ಕೊಟ್ಟೆ.

"ನೀನೇ ಹಾಕ್ಬಿಡೇ. ನನಗೇನಿಷ್ಟ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನಕ್ಕಾ," ಎಂದಳು ನಗುತ್ತಾ.

ಸ್ವಲ್ಪ ದಿನಕ್ಕೆ ನನ್ನ ಫೋನು ಟಿಂಗ್ ಎನ್ನಲು ಶುರುವಾಯಿತು. ಕ್ಲಚ್ ಕಲಿಸಿ, ರಿವರ್ಸ್ ಕಲಿಸಿ, ಏರು ರಸ್ತೆಯಲ್ಲಿ ಕಾರು ಹಿಂದಕ್ಕೆ ಜಾರದಂತೆ ನಿಲ್ಲಿಸುವುದನ್ನು ಕಲಿಸಿ, ಇನ್ನೇನು ಪರೀಕ್ಷೆಗೆ ಕರೆದುಕೊಂಡು ಹೋಗಬೇಕು ಎನ್ನುವಾಗ ಒಂದು ಸಂದೇಶ: 'ವಿದ್ಯಾರ್ಥಿಯ ಇಚ್ಛೆಯಂತೆ ಮುಂದಿನ ಪಾಠಗಳಿಗೆ ಬೇರೆ ಬೋಧಕರನ್ನು ನೇಮಿಸಲಾಗಿದೆ.' ಮೊದಲನೆಯ ಸಲ ನಕ್ಕೆ. ಹೋಗಲಿ, ನನ್ನ ಗಂಟಲಿಗೆ ಬಿಡುವು ಸಿಕ್ಕಿತು ಎಂದುಕೊಂಡೆ. ಮತ್ತೆ ಬಂತು, ಮತ್ತೆ ಮತ್ತೆ ಬಂತು. ಬಿಟ್ಟುಹೋದವರೆಲ್ಲ ತಂಗಿಯ ಗಂಡನ ಹತ್ತಿರವೇ ಹೋಗುತ್ತಿದ್ದರು.

"ಏನೇ ಇದು?" ಎಂದು ತಂಗಿಯನ್ನು ಕೇಳಿದೆ.

ಅವಳು ಪರದೆಯಿಂದ ಕಣ್ಣೆತ್ತಲಿಲ್ಲ. "ಈಗಿನವ್ರಿಗೆ ಬೈಸ್ಕೊಂಡು ಅಭ್ಯಾಸ ಇಲ್ಲ ಅಕ್ಕ. ಸ್ವಲ್ಪ ಮೆತ್ತಗಾಗು."

ನಂಬಿದೆ. ಯಾಕೆ ನಂಬಬಾರದು? ನನ್ನ ಬಾಯಿ ನನಗೆ ಗೊತ್ತಿತ್ತಲ್ಲ. ಅವತ್ತಿನಿಂದ ನಾಲಿಗೆ ಕಚ್ಚಿಕೊಂಡು ಕಲಿಸತೊಡಗಿದೆ. ಒಬ್ಬ ಕಾರನ್ನು ಫುಟ್‌ಪಾತ್ ಹತ್ತಿಸಿ ಹೂವಿನ ಅಂಗಡಿಯ ಬಕೆಟ್ಟಿಗೆ ಮುತ್ತು ಕೊಟ್ಟಾಗ "ಪರವಾಗಿಲ್ಲಪ್ಪ, ಇನ್ನೊಂದ್ ಸಲ ನೋಡೋಣ" ಎಂದೆ. ಅವನು ಗಾಬರಿಯಿಂದ ನನ್ನ ಕಡೆ ತಿರುಗಿ "ಮೇಡಂ, ಹುಷಾರಿಲ್ವಾ?" ಎಂದು ಕೇಳಿದ. ನುಂಗಿದ ಕೂಗೆಲ್ಲ ಸೇರಿ ಮನೆಗೆ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಅಷ್ಟು ಮಾಡಿದರೂ ಅವನೂ ಹೋದ. ಹೋದವರು ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಯಾಕೆ ಬಿಟ್ಟಿರಿ ಎಂದು ಬೆನ್ನು ಹತ್ತಿ ಕೇಳುವುದು ನನ್ನ ಸ್ವಭಾವವಲ್ಲ. ಕೇಳಬೇಕಿತ್ತು.

ಗೋಡೆಯ ಮೇಲೆ ಹೊಸ ಫೋಟೋಗಳು ಬರುತ್ತಲೇ ಇದ್ದವು. ಎಲ್ಲದರಲ್ಲೂ ತಂಗಿಯ ಗಂಡ, ಹೆಬ್ಬೆರಳು ಎತ್ತಿಕೊಂಡು. ಹೊಸಬರು ಬಂದವರೇ ಅವನ ಕಡೆ ಬೆರಳು ತೋರಿಸುತ್ತಿದ್ದರು. ಅವನ ನಡಿಗೆಯೇ ಬದಲಾಯಿತು. ಕಾರು ತೊಳೆಯುವಾಗ ಸೀಟಿ ಹಾಕುತ್ತಿದ್ದ. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಇಷ್ಟು ವರ್ಷ ಕಲಿಸಿದ್ದೆಲ್ಲ ಬರೀ ಅರಚಾಟವಾಗಿತ್ತೇನೋ, ಜನ ಬೇರೆ ದಾರಿಯಿಲ್ಲದೆ ಸಹಿಸಿಕೊಂಡಿದ್ದರೇನೋ ಅನ್ನಿಸಿತು. ಒಂದು ಮಧ್ಯಾಹ್ನ ಆಫೀಸಿನ ಸೋಫಾದಲ್ಲಿ ಕೂತು, ಇನ್ನು ಕಲಿಸುವುದನ್ನು ಬಿಟ್ಟುಬಿಡುತ್ತೇನೆ ಎಂದು ತಂಗಿಯ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅವಳು ನನ್ನ ಬೆನ್ನು ಸವರಿದಳು.

"ಬಿಡೋದ್ಯಾಕಕ್ಕಾ? ಬೆಳಗ್ಗೆ ಹೊಸಬರನ್ನ ಮಾತ್ರ ನೋಡ್ಕೋ. ಅಷ್ಟ್ ಸಾಕು ನಿನಗೆ."

ಆ ಸವರಿದ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ.

ಬೇಕರಿಯವಳು ನನ್ನ ಹತ್ತಿರ ಕಲಿಯುತ್ತಿದ್ದವಳು. ನನಗಿಂತ ಸ್ವಲ್ಪ ಚಿಕ್ಕವಳು. ಬ್ರೆಡ್ಡು ಹಂಚುವ ವ್ಯಾನಿನ ಡ್ರೈವರ್ ಕೈಕೊಟ್ಟ ಮೇಲೆ, ನಾನೇ ಓಡಿಸುತ್ತೇನೆ ಎಂದು ಹಟ ಹಿಡಿದು ಬಂದಿದ್ದಳು. ಬೇರೆ ಕಡೆ ಕಲಿತು ಫೇಲಾಗಿ, ಸ್ಟೇರಿಂಗ್ ಮುಟ್ಟಿದರೆ ಕೈ ನಡುಗುವ ಸ್ಥಿತಿಯಲ್ಲಿದ್ದವಳನ್ನು ದಾರಿಗೆ ತಂದಿದ್ದೆ. ಅವಳ ಪರೀಕ್ಷೆ ಗುರುವಾರ ಇತ್ತು. ಸೋಮವಾರ ಆ ಸಂದೇಶ ಬಂತು: ವಿದ್ಯಾರ್ಥಿಯ ಇಚ್ಛೆ.

ಅವಳೂ ಹೋದಳಲ್ಲ ಎಂದು ಕಾರಿನಲ್ಲೇ ಸುಮ್ಮನೆ ಕೂತಿದ್ದೆ. ಯಾರೋ ಗಾಜಿಗೆ ಬಡಿದರು. ಬೇಕರಿಯವಳೇ. ಮೊಣಕೈತನಕ ಹಿಟ್ಟು, ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ನಾನೇನ್ ಮಾಡ್ದೆ ಮೇಡಂ? ಬೇಡ ಅನ್ನೋದಾದ್ರೆ ಮುಖಕ್ಕೇ ಹೇಳ್ಬೇಕಿತ್ತು. ನೀವು ಏನಿದ್ರೂ ಮುಖಕ್ಕೇ ಬೈಯೋರು ಅಂತ ಊರೆಲ್ಲ ಹೇಳಲ್ವಾ?"

"ನಾನೆಲ್ಲಿ ಬೇಡ ಅಂದೆ? ನೀವೇ ತಾನೇ ಬೇರೆಯವರು ಬೇಕು ಅಂದಿದ್ದು?"

"ನಾನಾ?"

ಅವಳು ತನ್ನ ಫೋನನ್ನು ಕಿಟಕಿಯೊಳಗೆ ತೂರಿಸಿದಳು. 'ನಿಮ್ಮ ಬೋಧಕರು ಅಂತಿಮ ಹಂತದ ಪಾಠಗಳನ್ನು ತೆಗೆದುಕೊಳ್ಳಲು ಬಯಸುವುದಿಲ್ಲ.' ನಾನು ನನ್ನ ಫೋನನ್ನು ಪಕ್ಕದಲ್ಲಿ ಹಿಡಿದೆ. ಇಬ್ಬರೂ ಎರಡೂ ಸಂದೇಶ ಓದಿದೆವು. ರಸ್ತೆಯಲ್ಲಿ ಮುಖ ತಿರುಗಿಸಿದವರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಅವರು ನನ್ನನ್ನು ಬಿಟ್ಟಿರಲಿಲ್ಲ. ನಾನೇ ಅವರನ್ನು ಬಿಟ್ಟೆ ಎಂದು ತಿಳಿದಿದ್ದರು.

ಇಷ್ಟು ದಿನ ಬೆರಳು ತಾಗಿಸದ ಜಾಗಕ್ಕೆ ಹೋದೆ. ನನ್ನ ಹೆಸರಿನ ಕೆಳಗೆ 'ನಿಮ್ಮ ಆದ್ಯತೆಗಳು' ಎಂದಿತ್ತು. ಒತ್ತಿದೆ. ಹೊಸಬರಿಗೆ ಪಾಠ: ಹೌದು. ಅಂತಿಮ ಹಂತ: ಬೇಡ. ಪರೀಕ್ಷೆಗೆ ಜೊತೆಯಲ್ಲಿ ಹೋಗುವುದು: ಬೇಡ. ಬದಲಿ ಬೋಧಕ ಎಂಬಲ್ಲಿ ತಂಗಿಯ ಗಂಡನ ಹೆಸರು. ಎಲ್ಲದಕ್ಕಿಂತ ಮೇಲೆ, ಸಂಜೆಯ ಪಾಠ: ಬೇಡ.

ಆ ಸಂಜೆಯ ವಿಷಯ ನನಗೂ ತಂಗಿಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಸಂಜೆ ಎದುರಿನ ಗಾಡಿಗಳ ಲೈಟು ಕಣ್ಣಿಗೆ ಚುಚ್ಚುತ್ತದೆ ಎಂದು ಹೆದರಿಕೊಂಡು ಒಮ್ಮೆ ಅವಳ ಬಳಿ ಹೇಳಿಕೊಂಡಿದ್ದೆ. ಯಾರಿಗೂ ಹೇಳಲ್ಲ ಅಕ್ಕ ಎಂದಿದ್ದಳು. ಹೌದು, ಯಾರಿಗೂ ಹೇಳಿರಲಿಲ್ಲ, ಕಂಪ್ಯೂಟರಿಗೆ ಮಾತ್ರ ಹೇಳಿದ್ದಳು. ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದವಳೂ ಅವಳೇ. ಕನ್ನಡಕ ಬಂದ ಮೇಲೆ ಆ ತೊಂದರೆ ಹೋಗಿತ್ತು. ಈಗ ಇದನ್ನೆಲ್ಲ ಓದುತ್ತಿದ್ದುದೂ ಅವಳು ಆರಿಸಿಕೊಟ್ಟ ಫ್ರೇಮಿನ ಕನ್ನಡಕದಿಂದಲೇ.

ಇನ್ನೂ ಕೆಳಗೆ ಒಂದು ಸಾಲಿತ್ತು. ಬೋಧಕರಿಗೆ ತೋರಿಸಬೇಕಾದ ಬದಲಾವಣೆಯ ಕಾರಣ: ವಿದ್ಯಾರ್ಥಿಯ ಇಚ್ಛೆ. ಅದನ್ನು ಒತ್ತಿದಾಗ ಬೇರೆ ಆಯ್ಕೆಗಳೂ ತೆರೆದುಕೊಂಡವು. ಅವುಗಳಲ್ಲಿ 'ಶಾಲೆಯ ನಿರ್ಧಾರ' ಎಂಬುದೂ ಇತ್ತು. ತಂಗಿ ಅದನ್ನು ಆರಿಸಿದ್ದರೆ ನಾನು ಬೆಳಗಾದರೆ ಆಫೀಸಿಗೆ ನುಗ್ಗಿ ಜಗಳ ಆಡುತ್ತಿದ್ದೆ, ಒಂದು ವಾರ ಮಾತು ಬಿಡುತ್ತಿದ್ದೆ, ಆಮೇಲೆ ಸರಿಹೋಗುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಬಿಟ್ಟು ಇದನ್ನು ಆರಿಸಿದ್ದಳು. ಸ್ವಂತ ತಂಗಿ ಇಷ್ಟೆಲ್ಲ ಲೆಕ್ಕ ಹಾಕಿ ಬೆನ್ನಿಗೆ ಚೂರಿ ಹಾಕಿದ್ದಾಳೆ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಆಫೀಸಿಗೆ ಹೋದಾಗ ತಂಗಿ ಗೋಡೆಗೆ ಇನ್ನೊಂದು ಫೋಟೋ ಅಂಟಿಸುತ್ತಿದ್ದಳು. ಹೊರಗೆ ಅವಳ ಗಂಡ ಸೀಟಿ ಹಾಕುತ್ತಾ ಕಾರು ತೊಳೆಯುತ್ತಿದ್ದ. ನಾನು ಫೋನನ್ನು ಅವಳ ಮುಖದ ಮುಂದೆ ಹಿಡಿದೆ. ಅವಳು ಓದುವ ಮೊದಲೇ ಬಿಳಿಚಿಕೊಂಡಳು.

"ನಿನ್ನ ಕಣ್ಣಿಗೋಸ್ಕರ ಅಕ್ಕ..."

"ಕಣ್ಣಿಗೋಸ್ಕರ ಅಂದ್ರೆ ಸಂಜೆ ಒಂದನ್ನ ತೆಗೀಬೇಕಿತ್ತು. ಪರೀಕ್ಷೆ ನಡೆಯೋದು ಹಗಲು ಹೊತ್ತಲ್ಲೇ. ನಾನು ಅತ್ತಾಗ ನಿನ್ನ ಹೆಗಲ ಮೇಲೆ ಹಾಕ್ಕೊಂಡು ಬೆನ್ನು ಸವರಿದ್ಯಲ್ಲೇ! ಆಗ್ಲಾದ್ರೂ ಬಾಯಿ ಬರ್ಲಿಲ್ವಾ ನಿನಗೆ?"

ನನ್ನ ಧ್ವನಿ ಎಷ್ಟೋ ತಿಂಗಳಾದ ಮೇಲೆ ತನ್ನ ಹಳೆಯ ಎತ್ತರಕ್ಕೆ ಏರುತ್ತಿತ್ತು. ತಂಗಿ ಗಾಜಿನ ಬಾಗಿಲಿನ ಕಡೆ ನೋಡಿ ನನ್ನ ಎರಡೂ ಕೈ ಹಿಡಿದುಕೊಂಡಳು.

"ಮೆಲ್ಲಗೆ ಅಕ್ಕ, ಮೆಲ್ಲಗೆ. ಅವ್ರಿಗೆ ಗೊತ್ತಿಲ್ಲ. ಎಲ್ಲಾ ತಾವಾಗೇ ತಮ್ಮ ಹತ್ರ ಬರ್ತಾರೆ ಅಂತ ಅಂದ್ಕೊಂಡಿದಾರೆ. ಎಲ್ಲೂ ನೆಲೆ ನಿಲ್ದೇ ಇದ್ದೋರು ಈಗ ಹೆಂಗಿದಾರೆ ನೋಡು. ಅವ್ರಿಗೂ ಒಂದು ಹೆಸರು ಬೇಕಿತ್ತಲ್ಲಕ್ಕಾ. ನಿನಗೆ ಬೇಕಾದಷ್ಟಿತ್ತು."

"ಕೇಳಿದ್ರೆ ಕೊಡ್ತಿದ್ದೆ."

"ಕೇಳಿ ಇಸ್ಕೊಂಡಿದ್ದು ಅವ್ರಿಗೆ ಗೊತ್ತಾದ್ರೆ ಅದು ಹೆಸರು ಹೆಂಗಾಗುತ್ತೆ?"

ಹೊರಗೆ ಸೀಟಿ ನಿಂತು ಮತ್ತೆ ಶುರುವಾಯಿತು. ನಾನು ಕೈ ಬಿಡಿಸಿಕೊಂಡೆ. ಕೂಗಿದ್ದರೆ ಅವನ ಕಿವಿಗೆ ಬೀಳುತ್ತಿತ್ತು. ಕೂಗಲಿಲ್ಲ. ನನ್ನ ಕೈಯಲ್ಲೇ ಕಲಿತವನು, ನನಗೆ ಮೋಸ ಮಾಡಿದವನೂ ಅಲ್ಲ. ಇಷ್ಟಾದ ಮೇಲೂ ತಂಗಿ ನನ್ನಿಂದಲೇ ಇನ್ನಷ್ಟು ಮೆತ್ತಗಿನ ಮಾತು ಕೇಳುತ್ತಿದ್ದಾಳಲ್ಲ ಎಂದು ಮೈ ಉರಿಯಿತು.

"ನಾನ್ ಹೇಳಲ್ಲ. ನೀನೇ ಹೇಳು, ಗುರುವಾರದೊಳಗೆ," ಎಂದು ಹೊರಬಂದೆ.

ಕಾರಿನಲ್ಲಿ ಕೂತು ಪಾಸ್‌ವರ್ಡಿನಿಂದ ಹಿಡಿದು ಎಲ್ಲವನ್ನೂ ನಾನೇ ಬದಲಾಯಿಸಿದೆ. ಅಂತಿಮ ಹಂತ: ಹೌದು. ಪರೀಕ್ಷೆ: ಹೌದು. ಸಂಜೆ: ಹೌದು. ಕೊನೆಯಲ್ಲಿ, ನಿಮ್ಮ ಆದ್ಯತೆಗಳನ್ನು ಬದಲಾಯಿಸಬಲ್ಲವರು ಎಂಬಲ್ಲಿ ತಂಗಿಯ ಹೆಸರಿತ್ತು. ತೆಗೆಯಬೇಕೇ ಎಂದು ಕೇಳಿತು. ಬಾಲ್ಯದಲ್ಲಿ ಒಂದೇ ಹೊದಿಕೆಯೊಳಗೆ ಮಲಗಿದವರು ನಾವು. ಹೌದು ಎಂದು ಒತ್ತಿದೆ, ಕಣ್ಣಲ್ಲಿ ನೀರು ಬಂತು.

ಗುರುವಾರ ಬೇಕರಿಯವಳು ಪಾಸಾದಳು. ದಾರಿಯುದ್ದಕ್ಕೂ ನಾನು ಕೂಗಿದ್ದೇ ಕೂಗಿದ್ದು, ಅವಳು ನಕ್ಕಿದ್ದೇ ನಕ್ಕಿದ್ದು. ಆಫೀಸಿನ ಮುಂದೆ ಕಾರು ನಿಲ್ಲಿಸಿ ಇಬ್ಬರೂ ಫೋಟೋಗೆ ನಿಂತೆವು. ತಂಗಿ ಫೋನು ಹಿಡಿದು ಎದುರಿಗೆ ಬಂದಳು. ಅವಳ ಗಂಡನೂ ಬಂದ, ಕೈಯಲ್ಲಿ ತನ್ನ ಫೋನಿತ್ತು. ಅಂದು ಅವನ ಬಾಯಲ್ಲಿ ಸೀಟಿ ಇರಲಿಲ್ಲ.

"ಅಕ್ಕಾ, ಇವ್ರು ನಿಮ್ಮನ್ನೇ ಬೇಕು ಅಂದ್ರಂತೆ. ಇವ್ರೊಬ್ರೇ ಅಲ್ಲ, ಈ ವಾರ ಇನ್ನೂ ಕೆಲವ್ರು. ಎಲ್ಲದಕ್ಕೂ 'ವಿದ್ಯಾರ್ಥಿಯ ಇಚ್ಛೆ' ಅಂತ ಬಂದಿದೆ. ನಾನೇನಾದ್ರೂ ತಪ್ಪು ಮಾಡಿದ್ನಾ?"

ನಾನು ಅಷ್ಟು ತಿಂಗಳು ಹೊತ್ತುಕೊಂಡು ತಿರುಗಿದ್ದ ಮುಖವೇ ಈಗ ಅವನದಾಗಿತ್ತು. ತಂಗಿ ಅವನಿಗೆ ಏನೂ ಹೇಳಿರಲಿಲ್ಲ. ಹೇಳದಿದ್ದುದು ಮಾತ್ರವಲ್ಲ, ನನ್ನ ಆದ್ಯತೆಗಳಿಂದ ಹೊರಗಾದವಳು ಅವನ ಆದ್ಯತೆಗಳಲ್ಲಿ ಕೂತು ಅದೇ ಕಾರಣವನ್ನು ಅವನಿಗೂ ಆರಿಸಿದ್ದಳು. ಫೋನಿನ ಹಿಂದಿನಿಂದ ನನ್ನನ್ನೇ ನೋಡುತ್ತಾ ಅಂಗಲಾಚುವ ಧ್ವನಿಯಲ್ಲಿ "ನಗು ಅಕ್ಕ" ಎಂದಳು.

"ನಿನ್ನದೇನೂ ತಪ್ಪಿಲ್ಲಪ್ಪ," ಎಂದೆ. "ನಂದೂ ಇರ್ಲಿಲ್ಲ. ಕಾರಣ ಏನು ಅಂತ ಅವಳನ್ನೇ ಕೇಳು."

ನಾನು ಧ್ವನಿ ಎತ್ತಿರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ. ಅವಳು ಫೋನನ್ನು ಕೆಳಗಿಳಿಸಿದಳು. ಆಮೇಲೆ ಅವನು ನನ್ನನ್ನು ನೋಡಿದ, ಗಾಜಿನೊಳಗಿನ ಗೋಡೆಯನ್ನು ನೋಡಿದ, ಅಲ್ಲಿ ಸಾಲುಸಾಲಾಗಿ ಹೆಬ್ಬೆರಳು ಎತ್ತಿಕೊಂಡು ನಿಂತಿದ್ದ ತನ್ನನ್ನೇ ನೋಡಿಕೊಂಡ. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಹೆಂಡತಿಯ ಕೈಯಿಂದ ಮೆಲ್ಲಗೆ ಫೋನು ತೆಗೆದುಕೊಂಡ. "ನಿಂತ್ಕೊಳಿ ಅಕ್ಕಾ, ನಾನ್ ತೆಗೀತೀನಿ," ಎಂದ.

ಆ ಫೋಟೋ ಈಗ ಗೋಡೆಯ ಮೇಲಿದೆ. ಬೇಕರಿಯವಳು ಬಾಯ್ತುಂಬ ನಗುತ್ತಿದ್ದಾಳೆ. ನಾನು ನಗುತ್ತಿಲ್ಲ, ಪಕ್ಕಕ್ಕೆ ಎಲ್ಲೋ ನೋಡುತ್ತಿದ್ದೇನೆ. ಯಾಕೆ ಮೇಡಂ ಆ ಕಡೆ ನೋಡ್ತಿದ್ದೀರಿ ಎಂದು ಹೊಸಬರು ಕೇಳುತ್ತಾರೆ. ಆ ಕಡೆ ನನ್ನ ತಂಗಿ ನಿಂತಿದ್ದಳು.