ರೇಡಿಯೊ ಅಣ್ಣನ ಮಾತು ನಿಂತ ಬೆಳಗ್ಗೆ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕ್ಷೌರದ ಅಂಗಡಿ. ಒಳಗೆ ಎರಡೇ ಕುರ್ಚಿ. ಒಂದರ ಹಿಂದೆ ಅಣ್ಣ, ಇನ್ನೊಂದರ ಹಿಂದೆ ತಮ್ಮ.

ಅಣ್ಣನಿಗೆ ಬೀದಿಯವರು ಇಟ್ಟ ಹೆಸರು 'ರೇಡಿಯೊ'. ಬಾಗಿಲು ತೆಗೆದಾಗ ಶುರುವಾದ ಮಾತು ಬಾಗಿಲು ಹಾಕುವ ತನಕ ನಿಲ್ಲುತ್ತಿರಲಿಲ್ಲ. ಕೂದಲು ಬೆಳೆಯದಿದ್ದರೂ ಅವನ ಮಾತು ಕೇಳೋಕೆ ಅಂತಲೇ ಬಂದು ಕೂರುವವರಿದ್ದರು. ತಮ್ಮ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಜಿಪುಣ. "ನಮ್ಮಪ್ಪ ಇಬ್ಬರಿಗೂ ಅಂತ ಇಟ್ಟಿದ್ದ ಮಾತನ್ನೆಲ್ಲ ನಾನೊಬ್ಬನೇ ಹೊಡ್ಕೊಂಡ್ಬಿಟ್ಟೆ" ಅಂತ ಅಣ್ಣ ಗಿರಾಕಿಗಳನ್ನು ನಗಿಸುತ್ತಿದ್ದ.

ಆದರೆ ಒಂದನ್ನು ಮಾತ್ರ ಅಪ್ಪ ಇಬ್ಬರಿಗೂ ಸಮನಾಗಿ ಹಂಚಿ ಹೋಗಿದ್ದ. ಅದು ಬಿಪಿ. ಬೀದಿಯ ಕೊನೆಯ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿ, ಇಬ್ಬರಿಗೂ ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು.

ತಮ್ಮ ಮೊದಲನೇ ಪಟ್ಟಿ ಮಾತ್ರೆ ಮುಗಿದ ಮೇಲೆ ಇನ್ನೊಂದು ತರಲೇ ಇಲ್ಲ. ಅಣ್ಣ ಮಾತ್ರ ತಪ್ಪದೆ ನುಂಗುತ್ತಿದ್ದ. ಅದಕ್ಕೆ ಕಾರಣ ಅತ್ತಿಗೆ. ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಗಸು ಅವರು. ಊಟದ ತಟ್ಟೆಯ ಪಕ್ಕ ನೀರು, ನೀರಿನ ಪಕ್ಕ ಮಾತ್ರೆ ಇಟ್ಟು, ಗಂಡ ನುಂಗುವ ತನಕ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು.

ಹೀಗಿರುವಾಗ ಅಣ್ಣನ ಪಾದ ಊದಿಕೊಳ್ಳೋಕೆ ಶುರುವಾಯಿತು. ದಿನವಿಡೀ ನಿಂತು ಮಾಡುವ ಕೆಲಸ. ಸಂಜೆಯಾದರೆ ಚಪ್ಪಲಿಯೊಳಗೆ ಕಾಲು ಹೋಗುತ್ತಿರಲಿಲ್ಲ.

"ಈ ಮಾತ್ರೆಯಿಂದಲೇ ಇದೆಲ್ಲ" ಅಂದ ಅಣ್ಣ. "ಈಗ ನನಗೆ ಬಿಪಿ ಸರಿಯಾಗಿದೆ ಅಂತ ಆರೋಗ್ಯ ಕೇಂದ್ರದವರೇ ಹೇಳಿದ್ದಾರೆ. ಸರಿಯಾದ ಮೇಲೂ ಯಾಕೆ ನುಂಗಬೇಕು?"

"ಡಾಕ್ಟರನ್ನ ಒಂದು ಮಾತು ಕೇಳಿ" ಅಂದರು ಅತ್ತಿಗೆ.

"ಕೇಳೋದೇನಿದೆ ಅತ್ತಿಗೆ?" ಅಂತ ತಮ್ಮ ಅಪರೂಪಕ್ಕೆ ಬಾಯಿ ಹಾಕಿದ. "ನಾನು ಬಿಟ್ಟು ವರ್ಷ ಆಯ್ತು. ಗುಂಡುಕಲ್ಲಿನ ಹಾಗಿದ್ದೀನಿ. ಈ ಮಾತ್ರೆ ನುಂಗಿ ನುಂಗಿ ಕಿಡ್ನಿ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ."

ಇಬ್ಬರ ಮುಂದೆ ಒಬ್ಬರ ಮಾತು ನಡೆಯಲಿಲ್ಲ. ಮಾತ್ರೆ ನಿಂತಿತು. ಪಾದದ ಊತ ಇಳಿಯಿತು. "ನೋಡಿದ್ಯಾ?" ಅಂತ ಅಣ್ಣ ಹೆಂಡತಿಗೆ ಕಾಲು ತೋರಿಸಿದ.

ಆಮೇಲೆ ತಿಂಗಳುಗಳು ಕಳೆದವು. ಅಣ್ಣನಿಗೆ ಮರೆವು ಜಾಸ್ತಿಯಾಯಿತು. ಹೇಳಿದ ನಗೆಮಾತನ್ನೇ ಅದೇ ಗಿರಾಕಿಗೆ ಮತ್ತೆ ಹೇಳುತ್ತಿದ್ದ. ಒಮ್ಮೆ ಕೂದಲು ಕತ್ತರಿಸಿ ಮುಗಿಸಿದವರ ಕೊರಳಿಗೆ ಮತ್ತೆ ಬಟ್ಟೆ ಕಟ್ಟಿ, "ಹೇಗೆ ಮಾಡ್ಲಿ, ಸಣ್ಣಗಾ?" ಅಂತ ಕೇಳಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ತಮ್ಮನೂ ನಕ್ಕ. ವಯಸ್ಸು ಐವತ್ತು ದಾಟಿತು, ಮರೆವು ಸಹಜ ಅಂದುಕೊಂಡ.

ಆ ದಿನ ಬೆಳಗ್ಗೆ ಅಣ್ಣನ ಕುರ್ಚಿಯಲ್ಲಿ ಬಸ್ ಕಂಡಕ್ಟರ್ ಕೂತಿದ್ದರು. ಒಂದು ಕೆನ್ನೆ ಬೋಳಿಸಿ ಆಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ. ಅಣ್ಣ ಅವರಿಗೆ ಯಾವುದೋ ಮದುವೆ ಮನೆಯ ಜಗಳದ ಕತೆ ಹೇಳುತ್ತಿದ್ದ. ಕತೆ ರಂಗೇರಿದ ಹೊತ್ತಲ್ಲಿ ಮಾತು ಕಲಸಿಕೊಂಡಿತು. "ಆಗ ಹುಡುಗನ ಮಾವ... ಮಾ... ಬಾ... ಲಾ..."

ಕಂಡಕ್ಟರ್ ನಕ್ಕರು. ತಮಾಷೆ ಮಾಡ್ತಿದ್ದಾನೆ ಅಂದುಕೊಂಡರು. ಆಗ ಅಣ್ಣನ ಕೈಯಿಂದ ಕತ್ತಿ ಜಾರಿ ನೆಲಕ್ಕೆ ಬಿತ್ತು.

ತಮ್ಮ ತಿರುಗಿದ. ಕನ್ನಡಿಯಲ್ಲಿ ಅಣ್ಣನ ಮುಖ ಕಂಡಿತು. ಆ ಮುಖದ ಅರ್ಧ ಭಾಗ ಅವನದಾಗಿತ್ತು, ಉಳಿದರ್ಧ ಇನ್ಯಾರದೋ. ಬಾಯಿ ಒಂದು ಕಡೆ ಜೋತುಬಿದ್ದು ಜೊಲ್ಲು ಸೋರುತ್ತಿತ್ತು. ಬಲಗೈ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಕಣ್ಣು ಮಾತ್ರ ತಮ್ಮನನ್ನೇ ನೋಡುತ್ತಿತ್ತು, ಏನಾಗ್ತಿದೆ ನನಗೆ ಅಂತ ಕೇಳುವ ಹಾಗೆ.

ತಮ್ಮ ಕನ್ನಡಿಯನ್ನೇ ನೋಡುತ್ತ ನಿಂತ.

"ಹಿಡ್ಕೊಳ್ರೀ, ಬೀಳ್ತಾರೆ!" ಅಂತ ಕಂಡಕ್ಟರ್ ಕೂಗಿದ ಮೇಲೇ ಅವನಿಗೆ ಎಚ್ಚರ ಬಂದದ್ದು. ಓಡಿಬಂದು ಅಣ್ಣನನ್ನು ತಬ್ಬಿ ನೆಲದ ಮೇಲೆ ಮಲಗಿಸಿದ. ಬೆಂಚಿನ ಮೇಲಿದ್ದವರೆಲ್ಲ ಎದ್ದರು. ಒಬ್ಬರು "ನೀರು ಕುಡಿಸಿ" ಅಂದರು. ಇನ್ನೊಬ್ಬರು "ತಲೆ ಸುತ್ತಿರಬೇಕು, ಸ್ವಲ್ಪ ಹೊತ್ತು ಬಿಡಿ, ಸರಿಹೋಗುತ್ತೆ" ಅಂದರು.

"ಬಾಯಿಗೆ ಏನೂ ಹಾಕಬೇಡಿ!" ಕಂಡಕ್ಟರ್ ನೊರೆಯ ಕೆನ್ನೆಯಲ್ಲೇ ಆಂಬುಲೆನ್ಸಿಗೆ ಫೋನ್ ಹಚ್ಚಿದ್ದರು. "ನಮ್ಮಪ್ಪನಿಗೂ ಹೀಗೇ ಆಗಿತ್ತು. ಇದು ಸ್ಟ್ರೋಕು. ಸರಿಹೋಗುತ್ತೆ ಅಂತ ನಾವು ಸಂಜೆ ತನಕ ಕಾದು ಕೆಟ್ಟೆವು. ಈಗಲೇ ಆಸ್ಪತ್ರೆಗೆ ಹೋಗಬೇಕು."

ಆಸ್ಪತ್ರೆಯಲ್ಲಿ ಅಣ್ಣನನ್ನು ಸ್ಟ್ರೆಚರಿನಲ್ಲಿ ಒಳಗೆ ಕರೆದೊಯ್ದರು. ಅತ್ತಿಗೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿಬಂದಿದ್ದರು. ತಮ್ಮನಿಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಡಾಕ್ಟರಮ್ಮ ಸ್ಕ್ಯಾನ್ ಹಿಡಿದು ಬಂದರು. "ಮಿದುಳಿನ ಒಂದು ರಕ್ತನಾಳ ಮುಚ್ಚಿಕೊಂಡಿದೆ. ಬೇಗ ತಂದಿದ್ದೀರಿ, ಒಳ್ಳೇದಾಯ್ತು. ಬಿಪಿ ತುಂಬಾ ಏರಿದೆ. ಅದನ್ನ ಸ್ವಲ್ಪ ಇಳಿಸಿ, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡ್ತಿದ್ದೀವಿ. ತಡವಾಗಿದ್ದರೆ ಅದನ್ನ ಕೊಡೋಕೂ ಆಗ್ತಿರಲಿಲ್ಲ." ಆಮೇಲೆ ಸ್ಕ್ಯಾನಿನ ಮೇಲೆ ಬೆರಳಿಟ್ಟು ಕೇಳಿದರು, "ಇವರಿಗೆ ಮೊದಲು ಯಾವಾಗ ಸ್ಟ್ರೋಕ್ ಆಗಿತ್ತು?"

"ಮೊದಲಾ? ಇದೇ ಮೊದಲು!" ಅಂದ ತಮ್ಮ.

"ಅಲ್ಲ. ಈ ಸಣ್ಣ ಕಪ್ಪು ಚುಕ್ಕೆ ನೋಡಿ. ಇಲ್ಲೊಂದು, ಇಲ್ಲೊಂದು. ಇವು ಇವತ್ತಿನವಲ್ಲ, ಹಳೆಯವು. ಮಿದುಳಿನ ಆ ಜಾಗಕ್ಕೆ ರಕ್ತ ಹೋಗದೆ ಅದು ಸತ್ತುಹೋಗಿದೆ. ಬಿಪಿ ಏರಿಕೊಂಡೇ ಇದ್ದರೆ ಸಣ್ಣ ನಾಳಗಳು ಹೀಗೇ ಹಾಳಾಗೋದು. ನೋವಿರಲ್ಲ, ಸದ್ದಿರಲ್ಲ. ಇತ್ತೀಚೆಗೆ ಮರೆವೇನಾದ್ರೂ ಇತ್ತಾ?"

ಕೊರಳಿಗೆ ಎರಡು ಸಲ ಬಟ್ಟೆ ಕಟ್ಟಿದ್ದು ತಮ್ಮನಿಗೆ ನೆನಪಾಯಿತು. ಎಲ್ಲರೂ ನಕ್ಕಿದ್ದು ನೆನಪಾಯಿತು. ಅವರು ನಗುತ್ತಿದ್ದಾಗಲೇ ಅಣ್ಣನ ಮಿದುಳು ಚೂರುಚೂರಾಗಿ ಹೋಗುತ್ತಿತ್ತು.

"ಕಾಲು ಊದುತ್ತೆ ಅಂತ ಮಾತ್ರೆ ಬಿಟ್ಟರು" ಅಂದರು ಅತ್ತಿಗೆ. ಅಷ್ಟು ಹೊತ್ತಿನಲ್ಲಿ ಅವರ ಬಾಯಿಂದ ಬಂದ ಮೊದಲ ಮಾತು ಅದು.

ಡಾಕ್ಟರಮ್ಮ ಸ್ಕ್ಯಾನ್ ಕೆಳಗಿಟ್ಟರು. "ಕೆಲವು ಮಾತ್ರೆಗೆ ಕೆಲವರ ಕಾಲು ಊದುತ್ತೆಮ್ಮ. ಕೆಲವರಿಗೆ ಒಣಕೆಮ್ಮು ಬರುತ್ತೆ, ತಲೆ ಸುತ್ತುತ್ತೆ. ಬಂದು ಹೇಳಿದ್ದರೆ ಬೇರೆ ಮಾತ್ರೆ ಕೊಡ್ತಿದ್ದೆವು. ಒಂದೇ ಥರದ್ದಲ್ಲ, ಬೇಕಾದಷ್ಟು ಥರ ಇವೆ."

ಅಷ್ಟರಲ್ಲಿ ನರ್ಸಕ್ಕ ತಮ್ಮನ ಕಡೆ ತಿರುಗಿದರು. "ನೀವು ಒಡಹುಟ್ಟಿದವರಾ? ಕೂತ್ಕೊಳ್ಳಿ, ನಿಮ್ಮದೂ ನೋಡೋಣ." ಅವನ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿದರು. ಒಂದು ಸಲ ನೋಡಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ಅವರ ಹುಬ್ಬು ಏರಿತು.

"ಮೇಲಿನದು ನೂರ ತೊಂಬತ್ತು, ಕೆಳಗಿನದು ನೂರ ಹದಿನೈದು."

"ನನಗೇನೂ ಆಗ್ತಿಲ್ಲ ಸಿಸ್ಟರ್. ತಲೆನೋವೂ ಇಲ್ಲ. ಗಾಬರಿಗೆ ಏರಿರಬೇಕು."

"ಗಾಬರಿಗೂ ಏರುತ್ತೆ, ನಿಜ. ಆದ್ರೆ ಇಷ್ಟನ್ನ ಗಾಬರಿ ಅಂತ ಬಿಡೋಕಾಗಲ್ಲ. ನಿಮ್ಮಣ್ಣನಿಗೂ ಇವತ್ತು ಬೆಳಗ್ಗೆ ಎದ್ದಾಗ ಏನೂ ಆಗ್ತಿರಲಿಲ್ಲ, ಅಲ್ವಾ?"

ತೋಳಿನ ಪಟ್ಟಿಯೊಳಗೆ ತನ್ನದೇ ರಕ್ತ ಢವಢವ ಬಡಿಯುವುದು ತಮ್ಮನಿಗೆ ಕೇಳಿಸಿತು. ಇಷ್ಟು ದಿನ ನನ್ನ ಕುತ್ತಿಗೆಯ ಮೇಲೇ ಕತ್ತಿ ಇಟ್ಟುಕೊಂಡೇ ಊರವರ ಗಡ್ಡ ಬೋಳಿಸುತ್ತಿದ್ದೆನಲ್ಲ ಅನ್ನಿಸಿತು.

ಡಾಕ್ಟರಮ್ಮ ಅವನನ್ನೂ ಪರೀಕ್ಷೆ ಮಾಡಿ ಮಾತ್ರೆ ಬರೆದರು. ಅವನು ಸಣ್ಣ ದನಿಯಲ್ಲಿ ಕೇಳಿದ, "ಮೇಡಂ, ಕಿಡ್ನಿಗೆ...?"

"ಕಿಡ್ನಿ ಕೆಡಿಸೋದು ಏರಿದ ಬಿಪಿ. ಅದನ್ನ ಇಳಿಸಿ ಕಿಡ್ನಿ ಕಾಯೋದು ಮಾತ್ರೆ. ಆಗಾಗ ರಕ್ತ ಪರೀಕ್ಷೆ ಮಾಡಿ ನಾವೂ ನೋಡ್ಕೊಳ್ತೀವಿ. ಬಿಪಿ ಸರಿಯಾಯ್ತು ಅಂದ್ರೆ ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ಬಿಟ್ಟರೆ ಮತ್ತೆ ಏರುತ್ತೆ."

ಮಾರನೇ ದಿನ ಅತ್ತಿಗೆ, ತಮ್ಮ ಇಬ್ಬರನ್ನೂ ಒಳಗೆ ಬಿಟ್ಟರು. ಅಣ್ಣ ದಿಂಬಿಗೊರಗಿ ಕೂತಿದ್ದ. ಬಾಯಿ ಇನ್ನೂ ಸೊಟ್ಟಗಿತ್ತು. ಹೆಂಡತಿಯನ್ನು ನೋಡಿ ಕರೆಯಲು ಹೋದ. ಹೆಸರು ಬರಲಿಲ್ಲ. ಮತ್ತೆ ಪ್ರಯತ್ನಿಸಿದ, "ಬಾಗಿಲು" ಅಂತ ಬಂತು. ಕಣ್ಣಿಂದ ಬಳಬಳ ನೀರು ಇಳಿಯಿತು. ಇಡೀ ಬೀದಿಯನ್ನು ಮಾತಲ್ಲಿ ಕಟ್ಟಿಹಾಕುತ್ತಿದ್ದವನಿಗೆ ಹೆಂಡತಿಯ ಹೆಸರು ಸಿಗುತ್ತಿರಲಿಲ್ಲ. ಅತ್ತಿಗೆ ಅವನ ಬಾಯಿ ಒರೆಸಿ, "ಇರಲಿ, ನಿಧಾನಕ್ಕೆ ಬರುತ್ತೆ" ಅಂದರು.

ಆಮೇಲೆ ಅಣ್ಣ ತಮ್ಮನ ಕಡೆ ನೋಡಿದ. ಎಡಗೈ ಎತ್ತಿ ಅವನ ಎದೆ ಮುಟ್ಟಿದ. ಹಲ್ಲುಕಚ್ಚಿ, ಬೆವರಿ, ಒಂದೊಂದೇ ಅಕ್ಷರ ಹೊರಗೆಳೆದ.

"ನೀ... ನು... ಮಾ... ತ್ರೆ..."

ತಮ್ಮ ಅಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ. ಜೇಬಿನಿಂದ ಮಾತ್ರೆ ತೆಗೆದು, ಅಣ್ಣನ ಕಣ್ಣೆದುರೇ ನುಂಗಿದ.

ಈಗ ಅಣ್ಣ ಕೋಲು ಹಿಡಿದು ನಡೆಯುತ್ತಾನೆ. ಮಾತು ಮುಕ್ಕಾಲು ಮರಳಿದೆ, ನಿಧಾನ. ಬಲಗೈಗೆ ಕತ್ತಿ ಹಿಡಿಯುವ ಬಲ ಇನ್ನೂ ಬಂದಿಲ್ಲ. ಅವನ ಮಾತ್ರೆ ಬದಲಾಗಿದೆ, ಕಾಲು ಊದುವುದಿಲ್ಲ. ತಮ್ಮನ ಬಿಪಿ ಹತೋಟಿಗೆ ಬಂದಿದೆ. ಮಾತಿನ ಜಿಪುಣ ಈಗ ಕುರ್ಚಿಯಲ್ಲಿ ಕೂತವರನ್ನೆಲ್ಲ ಕೇಳುತ್ತಾನೆ: "ಬಿಪಿ ನೋಡಿಸಿದ್ರಾ? ಮಾತ್ರೆ ಬಿಟ್ಟಿಲ್ಲ ತಾನೇ?"

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅದೇ ಪ್ರಶ್ನೆ ನಿಮಗೂ. ಮೈ ಚೆನ್ನಾಗಿದೆ ಅನ್ನಿಸಿದರೂ ಒಮ್ಮೆ ಬಿಪಿ ನೋಡಿಸಿ. ಮಾತ್ರೆ ಕೊಟ್ಟಿದ್ದರೆ ದಿನವೂ ನುಂಗಿ, ಉಪ್ಪು ಕಡಿಮೆ ಮಾಡಿ. ಮಾತ್ರೆಯಿಂದ ತೊಂದರೆಯಾದರೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ, ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಯಾರದ್ದಾದರೂ ಮುಖ ಸೊಟ್ಟಗಾದರೆ, ಕೈ ಸೋತು ಬಿದ್ದರೆ, ಮಾತು ತೊದಲಿದರೆ, ಕಾದು ನೋಡಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಇವತ್ತಿನ ಮಾತ್ರೆ ಇನ್ನೂ ನುಂಗಿಲ್ಲವೇ? ಈ ಹಾಳೆ ಕೆಳಗಿಡಿ, ಮೊದಲು ಎದ್ದು ನುಂಗಿ ಬನ್ನಿ.