ಶಿವಲೀಲಾಳ ಮಾತು, ರೇಷ್ಮಾಳ ಬಾಯಿ

ನಾನು ಮೂರು ಹಾಳೆಗಳ ಒಂದು ಏಕಪಾತ್ರಾಭಿನಯ. ಗದಗ ಸೀಮೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ಅಂಬುಜಾ ಅಕ್ಕೋರು ಊಟದ ಬಿಡುವಿನಲ್ಲಿ ನನ್ನನ್ನು ಬರೆದರು. ಮಕ್ಕಳು ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೆಲ್ಲ ಕೆಂಪು ಪೆನ್ಸಿಲ್ಲಿನಿಂದ ಗೀಟು ಎಳೆದರು. ಹೊಸ ಶಾಯಿಯ ಬಿಂಕ ನನಗೆ!

ಆದರೆ ನನ್ನೊಳಗಿನ ಮಾತು ಅಕ್ಕೋರದ್ದಲ್ಲ. ಒಂಬತ್ತನೆಯ ತರಗತಿಯ ಶಿವಲೀಲಾ ಅಳುತ್ತ ಅಕ್ಕೋರೊಬ್ಬರಿಗೇ ಹೇಳಿಕೊಂಡದ್ದು. ಅವಳ ತಾಯಿ ಬಸಲಿಂಗವ್ವ ಅದೇ ಶಾಲೆಯ ಬಿಸಿಯೂಟದ ಅಡುಗೆಯವಳು. ಹುಬ್ಬಳ್ಳಿಯ ಸ್ಪರ್ಧೆಗೆ ಮಕ್ಕಳ ಬುತ್ತಿ ಹೊತ್ತು ಬಂದಿದ್ದಳು. ಬೇರೆ ಶಾಲೆಯ ಹುಡುಗಿಯರು "ಯಾರಾಕಿ?" ಎಂದಾಗ ಶಿವಲೀಲಾ, "ಅಡಿಗಿ ಮಾಡಾಕಿ" ಎಂದಿದ್ದಳು. ಅವ್ವ ಎನ್ನಲಿಲ್ಲ.

ಅಕ್ಕೋರು ಹೆಸರು ಬದಲಿಸಿದರು. ಅಡುಗೆಯವಳನ್ನು ಹೂ ಮಾರುವವಳನ್ನಾಗಿಸಿದರು. ಅಷ್ಟು ಸಾಕೆಂದುಕೊಂಡರು. ಶಿವಲೀಲಾಳನ್ನು ಒಂದು ಮಾತು ಕೇಳಲೂ ಇಲ್ಲ. ಗಟ್ಟಿ ದನಿಯ ರೇಷ್ಮಾಳಿಗೆ ನನ್ನನ್ನು ಕೊಟ್ಟರು.

ಶಾಲೆಯ ವಾರ್ಷಿಕೋತ್ಸವ, ಗ್ಯಾದರಿಂಗಿನ ದಿನ ರೇಷ್ಮಾ ನನ್ನನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿದಳು. "ಯಾರಾಕಿ ಅಂದ್ರು. ಹೂ ಮಾರಾಕಿ ಅಂದೆ!" ಎಂದು ಬಿಕ್ಕಿದಳು. ಸಭೆಯೆಲ್ಲ ಮೂಗೊರೆಸಿಕೊಂಡು ಚಪ್ಪಾಳೆ ತಟ್ಟಿತು. ಮುಂದೆ ಕುಳಿತಿದ್ದ ಬಸಲಿಂಗವ್ವ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ಪಕ್ಕದ ಮಗಳಿಗೆ ಹೇಳಿದಳು: "ಎಂಥಾ ಮಗಳವ್ವ! ಆ ತಾಯಿ ಕೇಳಿದ್ರ ಎದಿ ಒಡಕೊಂತಾಳ."

ಶಿವಲೀಲಾ ತಲೆ ಎತ್ತಲಿಲ್ಲ. ಆ ಚಪ್ಪಾಳೆ ನನ್ನ ಮೈಮೇಲೆ ಕೆಂಡದಂತೆ ಬಿತ್ತು. ನಂಬಿ ಹೇಳಿದ ಗುಟ್ಟಿಗೆ ಸದ್ದು ಕೊಟ್ಟದ್ದು ನಾನೇ ತಾನೆ?

ಮರುದಿನ ಅಕ್ಕೋರು ಅವಳನ್ನು ಕರೆದರು. "ತಪ್ಪಾತವ್ವ. ಹೆಸರು ಬದಲು ಮಾಡೀನಲ್ಲ ಅನ್ಕೊಂಡೆ."

"ಹೆಸರು ಬದಲಾದ್ರ ತಪ್ಪು ಬದಲಾಗತೈತೇನ್ರಿ ಅಕ್ಕೋರೆ? ಅವ್ವಗ ನಾ ಹೇಳೂದಿತ್ತು. ಈಗ ಹೆಂಗ ಹೇಳ್ಲಿ?"

ಅಕ್ಕೋರು ಮೇಜಿನ ಖಾನೆ ತೆರೆದರು. ನನ್ನನ್ನು ಅವಳ ಕೈಗಿಟ್ಟರು.

ಸಂಜೆ ಬಸಲಿಂಗವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. "ಅವ್ವ, ನಿನ್ನೆ ರೇಷ್ಮಾ ಮಾಡಿದ್ದು ಓದ್ಲಾ?"

"ಓದವ್ವ, ಚಲೋ ಇತ್ತು."

ಶಿವಲೀಲಾ ಓದಿದಳು. ಕೆಂಪು ಗೀಟು ಬಂದಲ್ಲಿ ನಿಲ್ಲಲಿಲ್ಲ, ಇಲ್ಲದಲ್ಲೆಲ್ಲ ನಿಂತಳು. ಕೊನೆಯ ಹಾಳೆಗೆ ಬಂದಳು. "ಯಾರಾಕಿ ಅಂದ್ರು," ಎಂದಳು. ಮುಂದೆ ನನ್ನ ಮೇಲಿದ್ದದ್ದನ್ನು ಓದಲಿಲ್ಲ. "ಅಡಿಗಿ ಮಾಡಾಕಿ ಅಂದೆ."

ಸೊಪ್ಪಿನ ಮೇಲಿದ್ದ ಕೈ ನಿಂತಿತು. ಬಸಲಿಂಗವ್ವ ಬೈಯಲಿಲ್ಲ, ಅಳಲಿಲ್ಲ. ಸೊಪ್ಪು ಬದಿಗೆ ಸರಿಸಿ ಕೇಳಿದಳು: "ಮುಂದ?"

"ಮುಂದ ಬರದಿಲ್ಲವ್ವ."

"ಹಾಳಿ ಕೆಳಗಿಡು. ನೀ ಹೇಳು."

ಶಿವಲೀಲಾ ನನ್ನನ್ನು ಮಡಚಿ ಟ್ರಂಕಿನೊಳಗೆ ಇಟ್ಟಳು. ಆಮೇಲೆ ತಾಯಿ ಮಗಳು ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು. ವರ್ಷಗಳಾದವು, ಮಡಿಕೆಗಳು ಹರಿಯುತ್ತಿವೆ. ಯಾವ ಮಗುವೂ ಮತ್ತೆ ನನ್ನನ್ನು ಬಾಯಿಪಾಠ ಮಾಡಲಿಲ್ಲ; ಮಾಡುವುದೂ ಬೇಡ.