ಷಡ್ಡಕರ ಪೋರ್ಟಲ್

ನಮ್ಮ ಕುರ್ಚಿ ಕಾರ್ಖಾನೆಗೆ ನಾನು ಮಾಡಿಕೊಟ್ಟ ಪೋರ್ಟಲ್ ಮೊದಮೊದಲು ನೊಣ ಹೊಡೆಯುತ್ತಿತ್ತು. ಕುರ್ಚಿಗಳ ನಕ್ಷೆ, ನೋಟಿಸು, ರಜೆ ಅರ್ಜಿ ಎಲ್ಲಾ ಒಂದೇ ಕಡೆ. ಬರೆದದ್ದು ಇಡೀ ಆಫೀಸಿಗೆ ಕಾಣುವ ಹರಟೆ ಪುಟ ಬೇರೆ. ಇಣುಕಿ ನೋಡುತ್ತಿದ್ದವಳು ನಾನೊಬ್ಬಳೇ. ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು: "ನೋಡಮ್ಮ, ತಿಂಗಳ ಕೊನೆವರೆಗೂ ಜನ ಇದನ್ನ ತೆರೀದೇ ಇದ್ರೆ ಮುಚ್ಚಿಬಿಡ್ತೀನಿ. ಆಮೇಲೆ ನಿನಗಿಲ್ಲಿ ಏನು ಕೆಲಸ?" ಇದು ನನ್ನ ಮೊದಲ ನೌಕರಿ. ಅಳುವೇ ಬಂತು.

ತೊಂದರೆ ಇದ್ದದ್ದು ಪೋರ್ಟಲ್‌ನಲ್ಲಲ್ಲ, ನಮ್ಮ ನೆಂಟಸ್ತಿಕೆಯಲ್ಲಿ. ಮಹಡಿ ಮೇಲೆ ನಕ್ಷೆ ಬರೆಯುವವರ ಮುಖ್ಯಸ್ಥ ನಮ್ಮ ದೊಡ್ಡಪ್ಪ, ಅಮ್ಮನ ಅಕ್ಕನ ಗಂಡ. ಕೆಳಗೆ ಮರಗೆಲಸದವರ ಮುಖ್ಯಸ್ಥ ಚಿಕ್ಕಪ್ಪ, ಅಮ್ಮನ ತಂಗಿಯ ಗಂಡ. ಷಡ್ಡಕರಿಬ್ಬರೂ ಮಾತು ಬಿಟ್ಟಿದ್ದರು. ಚಿಕ್ಕಪ್ಪನ ಮನೆಯಲ್ಲಿ ನೆಂಟರೆಲ್ಲ ಸೇರಿದ್ದಾಗ ದೊಡ್ಡಪ್ಪ ನಮ್ಮ ಕಾರ್ಖಾನೆಯದೇ ಕುರ್ಚಿಯಲ್ಲಿ ಠೀವಿಯಿಂದ ಕೂತರು. ಕುರ್ಚಿಯ ಕಾಲು ಮುರಿದು ಅಂಗಾತ ಬಿದ್ದರು. "ಮಾಡಿದವನ ಕೈ ಸರಿಯಿಲ್ಲ" ಎಂದರು ಬಿದ್ದವರು. "ನಕ್ಷೆ ಬರೆದವರ ಕಣ್ಣು ಸರಿಯಿಲ್ಲ" ಎಂದರು ನಗುತ್ತಿದ್ದ ಚಿಕ್ಕಪ್ಪ. ಮುಖ್ಯಸ್ಥರೇ ಮುಖ ತಿರುಗಿಸಿಕೊಂಡ ಮೇಲೆ ಮೇಲಿನವರಿಗೂ ಕೆಳಗಿನವರಿಗೂ ಪೋರ್ಟಲ್ ಯಾಕೆ ಬೇಕು?

ಚಿಕ್ಕಪ್ಪ ಆ ಮುರಿದ ಕುರ್ಚಿಯನ್ನು ಸಾಕ್ಷಿಗೆಂದು ಕಾರ್ಖಾನೆಯ ಉಗ್ರಾಣದಲ್ಲಿ ಇಟ್ಟುಕೊಂಡಿದ್ದರು. ನಾನು ಅದರ ಫೋಟೊ ತೆಗೆದು ಹರಟೆ ಪುಟದಲ್ಲಿ ಹಾಕಿದೆ: "ಈ ಕಾಲು ಯಾಕೆ ಮುರಿಯಿತು? ಬಲ್ಲವರು ತಿಳಿಸಿ."

ದೊಡ್ಡಪ್ಪ ಕೂಡಲೇ ಬರೆದರು: "ನಾನು ಬರೆದ ಕಾಲು ಇಷ್ಟು ಸಣಕಲಲ್ಲ." ಚಿಕ್ಕಪ್ಪ ತಮ್ಮ ಹತ್ತಿರವಿದ್ದ ನಕ್ಷೆಯ ಫೋಟೊ ಅಂಟಿಸಿದರು: "ಕನ್ನಡಕ ಹಾಕ್ಕೊಂಡು ನೋಡಿ. ಸಹಿ ಯಾರದು?" ಇಡೀ ಆಫೀಸು ಊಟ ಬಿಟ್ಟು ಪೋರ್ಟಲ್‌ಗೆ ಮುಗಿಬಿತ್ತು. ಲೆಕ್ಕದವರು ದೊಡ್ಡಪ್ಪನ ಪಕ್ಷ, ಬಣ್ಣದವರು ಚಿಕ್ಕಪ್ಪನ ಪಕ್ಷ. ಯಜಮಾನರು ನನ್ನನ್ನು ಕಂಡಾಗಲೆಲ್ಲ ಮೀಸೆಯಡಿ ನಗತೊಡಗಿದರು.

ಕೊನೆಗೆ ದೊಡ್ಡಪ್ಪ, ಕಾಲು ದಪ್ಪ ಮಾಡಿ ತಾವೇ ತಿದ್ದಿದ್ದ ನಕ್ಷೆಯನ್ನು ಹುಡುಕಿ ಹಾಕಿದರು. ಅದನ್ನು ನೋಡಿದ್ದೇ ತಡ, ಚಿಕ್ಕಪ್ಪ ದಡದಡ ಮೆಟ್ಟಿಲು ಹತ್ತಿ ಬಂದರು.

"ಭಾವ, ಇದು ನನ್ನ ಕೈಗೆ ಬಂದೇ ಇಲ್ಲ."

"ಕಳಿಸಿದೀನಿ ಅಂದ್ಕೊಂಡಿದ್ದೆ ಕಣಯ್ಯ. ನನ್ನ ಡ್ರಾಯರ್‌ನಲ್ಲೇ ಬಿದ್ದಿತ್ತು."

ಇಬ್ಬರೂ ಪೆಚ್ಚಾಗಿ ನಕ್ಕರು, ಕೂತು ಟೀ ಕುಡಿದರು. ಮರುದಿನದಿಂದ ಹೆಗಲ ಮೇಲೆ ಕೈ ಹಾಕಿಕೊಂಡೇ ಓಡಾಟ, ನಕ್ಷೆಗಳೂ ಕೈಯಿಂದ ಕೈಗೆ. ಪೋರ್ಟಲ್ ಮತ್ತೆ ಬಿಕೋ ಎಂದಿತು. ನನಗೆ ಮೈಯೆಲ್ಲ ಉರಿಯಿತು. ಹೋಗಿ ಇಬ್ಬರ ಮುಂದೆ ನಿಂತು, "ನೀವು ರಾಜಿ ಆದ್ರಿ, ನನ್ನ ಹೊಟ್ಟೆ ಮೇಲೆ ಹೊಡೆದ್ರಿ!" ಎಂದು ಯಜಮಾನರ ಬೆದರಿಕೆಯನ್ನೆಲ್ಲ ಹೇಳಿದೆ.

"ಅಷ್ಟೇನಾ? ಜಗಳ ತಾನೇ ಬೇಕು?" ಎಂದರು ದೊಡ್ಡಪ್ಪ.

ಅಂದಿನಿಂದ ಷಡ್ಡಕರು ಟೀ ಹೊತ್ತಿಗೆ ಒಂದೇ ಮೇಜಿಗೆ ಕೂತು ಪೋರ್ಟಲ್‌ನಲ್ಲಿ ಕಚ್ಚಾಡತೊಡಗಿದರು.

"ಭಾವ, 'ನಿನ್ನ ಉಳಿಗಿಂತ ನಮ್ಮನೆ ಚಮಚ ಹರಿತ' ಅಂತ ಬರೀರಿ, ಚೆನ್ನಾಗಿರುತ್ತೆ."

"ನಿನಗೆ ಬೇಜಾರಾಗಲ್ವೇನಯ್ಯ?"

"ಆಗುತ್ತೆ. ಬರೀರಿ."

ಜನ ಮತ್ತೆ ಮುಗಿಬಿದ್ದರು. ತಿಂಗಳ ಕೊನೆಯ ದಿನ ಚಿಕ್ಕಪ್ಪ ನನ್ನೊಬ್ಬಳಿಗೇ ಕಳಿಸಬೇಕಾದ್ದನ್ನು ಹರಟೆ ಪುಟಕ್ಕೇ ಹಾಕಿಬಿಟ್ಟರು: "ಮಗಳೇ, ಭಾವನೂ ನಾನೂ ಕೂತು ಇವತ್ತಿನ ಬೈಗುಳ ಬರೆದಾಯ್ತು. ನಿನ್ನ ಕೆಲಸ ಉಳಿಯೋಕೆ ಇಷ್ಟು ಸಾಕಾ, ಇನ್ನಷ್ಟು ಬೈಬೇಕಾ?"

ಗುಟ್ಟು ಇಡೀ ಆಫೀಸಿಗೆ ರಟ್ಟಾಯಿತು. ಕಣ್ಣು ಮುಚ್ಚಿ ಕೂತೆ. ಬಿಟ್ಟಾಗ ಪರದೆಯ ತುಂಬ ಉತ್ತರಗಳು. ಲೆಕ್ಕದವರು: "ಇನ್ನಷ್ಟು." ಬಣ್ಣದವರು: "ಇನ್ನಷ್ಟು." ಗೇಟಿನ ಕಾವಲುಗಾರ: "ನಿನ್ನೆಯದಕ್ಕೆ ಖಾರ ಕಮ್ಮಿ." ಮೇಲಿನವರು, ಕೆಳಗಿನವರು, ಎಂದೂ ಒಂದಕ್ಷರ ಬರೆಯದವರೂ ಬರೆದಿದ್ದರು. ನನಗೆ ತಡೆಯಲಾಗದೆ ಅಳು ಬಂತು.

ಎಲ್ಲಕ್ಕಿಂತ ಕೆಳಗೆ ಯಜಮಾನರ ಮೊದಲ ಬರಹ: "ತಿದ್ದಿದ ನಕ್ಷೆಗಳೂ ಇನ್ನು ಇಲ್ಲಿಗೇ ಬರಲಿ. ಬೈಗುಳ ಮುಂದಿನ ತಿಂಗಳಿಗೂ ಸಾಲುವಷ್ಟು ಇರಲಿ."